ಹವ್ಯಾಸಕ್ಕೆ ಹೆಣೆದ ಗೊಂಬೆ ಹೊರದೇಶಕ್ಕೆ ಕಳಿಸೋದು ಹೇಗೆ? – ಪ್ರಶ್ನೋತ್ತರ

ಪ್ರಶ್ನೆ: ಸರ್, ನಮಸ್ಕಾರ. ಬಿಡುವಿನಲ್ಲಿ ಕ್ರೋಶೆ ಗೊಂಬೆ ಹೆಣೆಯುತ್ತೇನೆ. ಕಂಪನಿ, ಅಂಗಡಿ ಏನೂ ಇಲ್ಲ. ಈಗ ಜರ್ಮನಿಯಿಂದ ಒಬ್ಬರು, ಅಮೆರಿಕದಿಂದ ಒಬ್ಬರು ಕೇಳಿದ್ದಾರೆ. ಪಾರ್ಸೆಲ್ ಮೇಲೆ ‘ಗಿಫ್ಟ್’ ಅಂತ ಬರೆದರೆ ಟ್ಯಾಕ್ಸ್ ಬೀಳಲ್ಲ ಅಂತಾರೆ. ಬರೆಯಬಹುದಾ?

ಉತ್ತರ (ಕಸ್ಟಮ್ಸ್ ಏಜೆಂಟ್): ಬೇಡ ಮೇಡಂ. ದುಡ್ಡು ತಗೊಂಡು ಕಳಿಸಿದ್ದು ಮಾರಾಟ. ನೀವು ಕಂಪನಿಯೋ ಒಂಟಿ ವ್ಯಕ್ತಿಯೋ ಅನ್ನೋದು ಅಲ್ಲಿ ಲೆಕ್ಕಕ್ಕಿಲ್ಲ. ಸುಳ್ಳು ಅಂತ ಗೊತ್ತಾದರೆ ಪಾರ್ಸೆಲ್ ಹಿಡಿದಿಡುತ್ತಾರೆ. ಬೆಲೆ ಕಡಿಮೆ ಬರೆದಿದ್ದರೆ, ಕಳೆದುಹೋದಾಗ ಪರಿಹಾರವೂ ಅಷ್ಟಕ್ಕೇ.

ಅಂಚೆಯಲ್ಲಿ ಸಣ್ಣ ಪೊಟ್ಟಣಕ್ಕೆ ಸಿಎನ್ 22 ಚೀಟಿ (ಒಳಗೇನಿದೆ, ಬೆಲೆ ಎಷ್ಟು ಅಂತ ಕಸ್ಟಮ್ಸ್‌ಗೆ ತಿಳಿಸುವ ಫಾರಂ), ಬೆಲೆ 300 ಎಸ್‌ಡಿಆರ್ ದಾಟಿದರೆ ಸಿಎನ್ 23. ಎಸ್‌ಡಿಆರ್ ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ. ಚೀಟಿಯಲ್ಲಿ ಸುಮ್ನೆ ‘ಹ್ಯಾಂಡ್‌ಮೇಡ್ ಐಟಂ’ ಅಂತ ಬರೆಯಬೇಡಿ. ‘ಹತ್ತಿ ನೂಲಿನ ಹೆಣೆದ ಗೊಂಬೆ, 1’ ಅಂತ ಬರೆದು, ತೂಕ, ನಿಜವಾದ ಬೆಲೆ, ಎಚ್‌ಎಸ್ ಕೋಡ್ (ಸರಕು ಯಾವ ಬಗೆಯದು ಅಂತ ಹೇಳುವ ಅಂತರರಾಷ್ಟ್ರೀಯ ಸಂಖ್ಯೆ) ಹಾಕಿ. ಆಟಿಕೆಗಳ ಕೋಡ್ 9503ರಿಂದ ಶುರುವಾಗುತ್ತೆ.

ಇನ್ನು ತೆರಿಗೆ. ಯುರೋಪಿಯನ್ ಒಕ್ಕೂಟದಲ್ಲಿ 22 ಯೂರೋ ಒಳಗಿನ ಸರಕಿಗೆ ಇದ್ದ ವ್ಯಾಟ್ (ಅಲ್ಲಿನ ಮಾರಾಟ ತೆರಿಗೆ) ವಿನಾಯಿತಿ 2021ರ ಜುಲೈ 1ಕ್ಕೆ ಹೋಯಿತು. ಜರ್ಮನಿಯಲ್ಲಿ ಸಾಮಾನ್ಯ ದರ ಶೇ. 19. 150 ಯೂರೋ ಒಳಗಿನದನ್ನು ಆನ್‌ಲೈನ್ ಮಾರುಕಟ್ಟೆಯ ಮೂಲಕ ಮಾರಿದರೆ ಸಾಮಾನ್ಯವಾಗಿ ಆ ಮಾರುಕಟ್ಟೆಯವರೇ ವ್ಯಾಟ್ ವಸೂಲಿ ಮಾಡಿ ಐಒಎಸ್‌ಎಸ್ ಸಂಖ್ಯೆ (ವ್ಯಾಟ್ ಮೊದಲೇ ವಸೂಲಾಗಿದೆ ಅಂತ ತೋರಿಸುವ ನೋಂದಣಿ ಸಂಖ್ಯೆ) ಕೊಡುತ್ತಾರೆ. ಬುಕ್ ಮಾಡುವಾಗ ಆ ಸಂಖ್ಯೆ ಡೇಟಾದಲ್ಲಿ ಹೋಗಲೇಬೇಕು. ಬಿಟ್ಟರೆ ಕೊಂಡವರು ಎರಡು ಸಲ ಕಟ್ಟಬೇಕಾಗಬಹುದು, ಬೈಗುಳ ನಿಮಗೆ! ನೇರವಾಗಿ ಮಾರಿದರೆ ಮನೆ ಬಾಗಿಲಲ್ಲಿ ವ್ಯಾಟ್ ಜೊತೆ ಅಂಚೆಯ ಶುಲ್ಕವೂ ಸೇರುತ್ತೆ. ಇದನ್ನು ಆರ್ಡರ್ ತಗೊಳ್ಳುವಾಗಲೇ ಹೇಳಿಬಿಡಿ.

ಅಮೆರಿಕದಲ್ಲಿ 800 ಡಾಲರ್ ಒಳಗಿನ ಸರಕಿಗೆ ಇದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ನಿಲ್ಲಿಸಿದರು. ಸುಂಕವನ್ನು ಕಳಿಸುವಾಗಲೇ ಕಟ್ಟಬೇಕಾ ಅಂತ ಮೊದಲು ವಿಚಾರಿಸಿ, ಆಮೇಲೆ ಬೆಲೆ ಹೇಳಿ.

ಪ್ರಶ್ನೆ: ಗೊಂಬೆ ಅನ್ನೋದರ ಬದಲು ‘ಅಲಂಕಾರದ ವಸ್ತು’ ಅಂತ ಬರೆದರೆ?

ಉತ್ತರ: ಮಗು ಎತ್ತಿಕೊಂಡು ಆಡುವಂತಿದ್ದರೆ ಹೆಸರು ಬದಲಿಸಿ ಪ್ರಯೋಜನವಿಲ್ಲ. ಯುರೋಪಿನಲ್ಲಿ 14 ವರ್ಷದೊಳಗಿನವರ ಆಟಿಕೆಗೆ ಸಿಇ ಗುರುತು (ಒಕ್ಕೂಟದ ಸುರಕ್ಷತಾ ನಿಯಮಕ್ಕೆ ಒಪ್ಪುತ್ತದೆ ಅನ್ನೋ ಮುದ್ರೆ), ಅದರ ಹಿಂದಿನ ಸುರಕ್ಷತಾ ದಾಖಲೆ ಬೇಕು. ಮಣಿಯ ಕಣ್ಣು ಕಿತ್ತು ಬಂದು ಮಗುವಿನ ಗಂಟಲಿಗೆ ಸಿಕ್ಕಬಾರದು, ಅಲ್ವಾ? ಸಾಲದ್ದಕ್ಕೆ 2024ರ ಡಿಸೆಂಬರ್ 13ರಿಂದ ಅಲ್ಲಿ ಮಾರುವ ಸರಕಿಗೆ ಒಕ್ಕೂಟದೊಳಗೇ ಒಬ್ಬ ಜವಾಬ್ದಾರ ಪ್ರತಿನಿಧಿ ಇರಬೇಕು. ನಿಜ ಹೇಳಬೇಕೆಂದರೆ, ಒಂದೆರಡು ಗೊಂಬೆಗೆ ಇಷ್ಟೆಲ್ಲಾ ಖರ್ಚು ಗಿಟ್ಟೋದಿಲ್ಲ. ನಾನಾಗಿದ್ದರೆ ಜರ್ಮನಿಯ ಆರ್ಡರ್ ಸದ್ಯಕ್ಕೆ ಬಿಡುತ್ತಿದ್ದೆ.

ಇನ್ನೊಬ್ಬರು: ಸರ್, ನಾನು ಬೀಟೆ ಮರದ ಓಲೆ ಮಾಡುತ್ತೇನೆ, ಕೆಲವಕ್ಕೆ ಹಕ್ಕಿಯ ಗರಿ ಹಾಕುತ್ತೇನೆ. ತೊಂದರೆ ಇದೆಯಾ?

ಉತ್ತರ: ಇದೆ. ಬೀಟೆ ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ) ಒಪ್ಪಂದದ ಪಟ್ಟಿಯಲ್ಲಿರುವ ಮರ. ತೂಕ ಕಡಿಮೆಯಿದ್ದರೆ ವಿನಾಯಿತಿ ಸಿಗಬಹುದು, ಆದರೆ ಕೇಳಿಕೊಳ್ಳದೆ ಕಳಿಸಬೇಡಿ. ಗರಿ ಯಾವ ಹಕ್ಕಿಯದು ಅಂತ ತೋರಿಸಲಾಗದಿದ್ದರೆ ಅದನ್ನು ತೆಗೆದುಬಿಡಿ. ಹವಳ, ಆನೆದಂತದ ಗೋಜಿಗಂತೂ ಹೋಗಲೇಬೇಡಿ.

ಪ್ರಶ್ನೆ: ಕೊಂಡವರು ಸುಂಕ ಕಟ್ಟಲ್ಲ ಅಂದುಬಿಟ್ಟರೆ?

ಉತ್ತರ: ಪಾರ್ಸೆಲ್ ಫಾರಂನಲ್ಲಿ ಅದಕ್ಕೇ ಒಂದು ಜಾಗ ಇರುತ್ತೆ: ವಾಪಸ್ ಕಳಿಸಿ, ಇಲ್ಲವೇ ಅಲ್ಲೇ ಬಿಟ್ಟುಬಿಡಿ. ವಾಪಸ್ ಅಂತ ಗುರುತು ಹಾಕಿದರೆ ಬರುವ ಖರ್ಚು ನಿಮ್ಮ ತಲೆ ಮೇಲೆ ಬೀಳಬಹುದು. ಅಗ್ಗದ ವಸ್ತುವಾದರೆ ಬಿಟ್ಟುಬಿಡೋದೇ ಲಾಭ.