ಸಿಂಥೆಸಿಸ್ ಆದ ಮೇಲೆ ಯೂಆರ್ಟ್ ಪೂರ್ತಿ ಕೆಂಪು, ಬೋರ್ಡಿನಲ್ಲಿ ಮಾತ್ರ ಸರಿಯಾಗಿದೆ!

ವಿಜಯನಗರ_ವೆರಿಲಾಗ್:
ತಲೆ ಕೆಟ್ಟುಹೋಗಿದೆ. ಸರ್ಕ್ಯೂಟ್ ವಿವರಿಸುವ ವೆರಿಲಾಗ್ ಭಾಷೆಯಲ್ಲಿ ನಾನು ಬರೆದ ಯೂಆರ್ಟ್ ಟ್ರಾನ್ಸ್‌ಮಿಟರ್ (ಅಕ್ಷರಗಳನ್ನು ಒಂದೊಂದೇ ಬಿಟ್ ಆಗಿ ಕಳುಹಿಸುವ ಸರ್ಕ್ಯೂಟ್) ಇಕಾರಸ್ ಎಂಬ ಟೂಲಿನ ಸಿಮ್ಯುಲೇಶನ್‌ನಲ್ಲಿ ಓಡುತ್ತದೆ. ಎಫ್‌ಪಿಜಿಎ (ಬೇಕಾದ ಸರ್ಕ್ಯೂಟನ್ನು ತುಂಬಿಸಬಹುದಾದ ಚಿಪ್) ಬೋರ್ಡಿಗೆ ಹಾಕಿದರೆ ಲ್ಯಾಪ್‌ಟಾಪಿನಲ್ಲಿ ಅಕ್ಷರಗಳು ಮೂಡುತ್ತವೆ. ಅದೇ ಕೋಡನ್ನು ಚಿಪ್ ವಿನ್ಯಾಸದ ಟೂಲಾದ ಓಪನ್‌ಲೇನ್‌ನಲ್ಲಿ ಸ್ಕೈ130 ಚಿಪ್ ತಂತ್ರಜ್ಞಾನಕ್ಕೆ ಸಿಂಥೆಸಿಸ್ ಮಾಡಿ (ಕೋಡನ್ನು ಗೇಟುಗಳಾಗಿ ಬದಲಾಯಿಸಿ), ಬಂದ ಗೇಟುಗಳ ನೆಟ್‌ಲಿಸ್ಟನ್ನು ಸಿಮ್ಯುಲೇಶನ್‌ನಲ್ಲಿ ಓಡಿಸಿದರೆ, ಸಿಗ್ನಲ್‌ಗಳನ್ನು ಗೆರೆಗಳಾಗಿ ತೋರಿಸುವ ಜಿಟಿಕೆವೇವ್‌ನಲ್ಲಿ ಟಿಎಕ್ಸ್ (ಬಿಟ್ ಕಳುಹಿಸುವ) ಗೆರೆ ಮೊದಲಿನಿಂದ ಕೊನೆಯವರೆಗೂ ಕೆಂಪು, ಬರೀ ಎಕ್ಸ್, ಅಂದರೆ 0 ಅಥವಾ 1 ಎಂದು ಗೊತ್ತಿಲ್ಲದ ಬೆಲೆ; ಗೊತ್ತಿದ್ದರೆ ಹಸಿರು. ಕೋಡ್ ಸರಿಯಿದೆ ಎಂದು ಬೋರ್ಡೇ ಹೇಳುತ್ತಿದೆಯಲ್ಲ! ಟೂಲಿನದೇ ದೋಷವೇ? ಯಾರಾದರೂ ಬೇಗ ಹೇಳಿ.

ಗೇಟುಗಾರ:
ಪವರ್ ಪಿನ್, ಅನುಮಾನವೇ ಬೇಡ. ಪವರ್ ಪಿನ್‌ಗಳನ್ನು ಸೇರಿಸುವ ಡಿಫೈನ್ ಹಾಕಿಕೊಂಡು, ಟೆಸ್ಟ್‌ಬೆಂಚಿನಿಂದ (ಪರೀಕ್ಷೆಯ ಕೋಡಿನಿಂದ) ಆ ಪಿನ್‌ಗಳಿಗೆ 1 ಮತ್ತು 0 ಕೊಡದಿದ್ದರೆ ಎಲ್ಲ ಸೆಲ್‌ಗಳೂ (ಚಿಪ್ಪಿನ ಸಿದ್ಧ ಗೇಟುಗಳು) ಎಕ್ಸ್ ಉಗುಳುತ್ತವೆ.

ವಿಜಯನಗರ_ವೆರಿಲಾಗ್:
ಆ ಡಿಫೈನ್ ಹಾಕಿಯೇ ಇಲ್ಲ.

ಗೇಟುಗಾರ:
ಮತ್ತೊಮ್ಮೆ ನೋಡಿ. ಓಪನ್‌ಲೇನ್ ಎರಡು ಬಗೆಯ ನೆಟ್‌ಲಿಸ್ಟ್ ಕೊಡುತ್ತದೆ, ಪವರ್ ಪಿನ್ ಇರುವುದೊಂದು, ಇಲ್ಲದ್ದೊಂದು. ಹೊಸಬರು ಎಡವುವುದು ಅಲ್ಲೇ.

ಬಸವನಗುಡಿ_ಬಿಟ್:
ಹೋಲ್ಡ್ ದೋಷ (ಕ್ಲಾಕಿನ ಅಂಚಿನ ನಂತರ ಬೆಲೆ ತೀರ ಬೇಗ ಬದಲಾಗುವುದು) ಇರಬಹುದು. ಕ್ಲಾಕ್ ಎಷ್ಟು?

ವಿಜಯನಗರ_ವೆರಿಲಾಗ್:
50 ಮೆಗಾಹರ್ಟ್ಸ್. ಬಾಡ್ (ಸೆಕೆಂಡಿಗೆ ಕಳುಹಿಸುವ ಬಿಟ್‌ಗಳು) 115200.

ಮಲ್ಲೇಶ್ವರದ_ಸಿಲಿಕಾನ್:
ಗೇಟುಗಳ ವಿಳಂಬ ಹೇಳುವ ಎಸ್‌ಡಿಎಫ್ ಕಡತ ಸೇರಿಸದೆ ಹೋಲ್ಡ್ ದೋಷ ಕಾಣಿಸುವುದಾದರೂ ಹೇಗೆ? ಪವರ್ ಪಿನ್ ತಪ್ಪಿದ್ದರೆ ಒಂದು ಸೆಲ್‌ನ ಔಟ್‌ಪುಟ್ಟೂ ಹಸಿರಾಗಿರುವುದಿಲ್ಲ. ಟಿಎಕ್ಸ್ ಒಂದನ್ನೇ ದಿಟ್ಟಿಸಬೇಡಿ, ಒಳಗಿನ ಗೆರೆಗಳನ್ನು ನೋಡಿ ಹೇಳಿ. ರಿಸೆಟ್ ಹೇಗಿದೆ?

ಬಸವನಗುಡಿ_ಬಿಟ್:
ಇದಕ್ಕೇ ನಾನು ವಿಎಚ್‌ಡಿಎಲ್ (ವೆರಿಲಾಗ್‌ನಂಥದೇ ಇನ್ನೊಂದು ಭಾಷೆ) ಬಿಡುವುದಿಲ್ಲ. ವೆರಿಲಾಗ್ ಏನು ಬರೆದರೂ ಒಪ್ಪಿಕೊಂಡುಬಿಡುತ್ತದೆ.

ಮಲ್ಲೇಶ್ವರದ_ಸಿಲಿಕಾನ್:
ವಿಎಚ್‌ಡಿಎಲ್‌ನಲ್ಲೂ ಸಿಗ್ನಲ್‌ಗೆ ಆರಂಭಿಕ ಬೆಲೆ ಕೊಟ್ಟು ಇದೇ ಹಳ್ಳಕ್ಕೆ ಬೀಳಬಹುದು. ಆ ಜಗಳ ಇಲ್ಲಿ ಬೇಡ.

ಗೇಟುಗಾರ:
ನನ್ನ ಬಳಿ ಬೋರ್ಡಿನ ಸಿಗ್ನಲ್‌ಗಳನ್ನು ತೋರಿಸುವ ಲಾಜಿಕ್ ಅನಲೈಸರ್ ಇದೆ. ಬೇಕಾದರೆ ಚಿತ್ರ ಹಾಕುತ್ತೇನೆ.

ವಿಜಯನಗರ_ವೆರಿಲಾಗ್:
ಬೋರ್ಡಿನಲ್ಲಿ ತೊಂದರೆಯೇ ಇಲ್ಲ ಎಂದೆನಲ್ಲ! ಕೌಂಟರ್ ಹಸಿರಾಗಿದೆ, 0ಯಿಂದ 433ರವರೆಗೆ ಎಣಿಸುತ್ತಿದೆ. ಅದರಿಂದ ಬರುವ ಬಾಡ್ ಕ್ಲಾಕ್ ಕೂಡ ಹಸಿರು. ಆ ಕ್ಲಾಕಿನಲ್ಲಿ ಓಡುವ ಸ್ಟೇಟ್ ಮಷೀನ್ (ಹಂತಗಳನ್ನು ನಡೆಸುವ ಭಾಗ), ಶಿಫ್ಟ್ ರಿಜಿಸ್ಟರ್ (ಬಿಟ್‌ಗಳನ್ನು ಒಂದೊಂದಾಗಿ ಹೊರಹಾಕುವ ಭಾಗ) ಕೆಂಪು. ಸಿಂಕ್ರೊನಸ್ ರಿಸೆಟ್ (ಕ್ಲಾಕಿನ ಅಂಚಿನಲ್ಲಿ ಮಾತ್ರ ಕೆಲಸ ಮಾಡುವುದು) ಎಲ್ಲ ಕಡೆಯೂ ಇದೆ, ಇನಿಶಿಯಲ್ ಬ್ಲಾಕಿನಲ್ಲೂ ಆರಂಭದ ಬೆಲೆ ಕೊಟ್ಟಿದ್ದೇನೆ.

ಮಲ್ಲೇಶ್ವರದ_ಸಿಲಿಕಾನ್:
ಸಿಕ್ಕಿತು. ಬಾಡ್ ಕ್ಲಾಕ್ ಬೇರೆ ಇದೆ ಎಂಬುದೇ ಮುಖ್ಯವಾದ ವಿಷಯ. ರಿಸೆಟ್ ಒತ್ತಿರುವಷ್ಟು ಹೊತ್ತೂ ನಿಮ್ಮ ಕೌಂಟರ್ 0ಯಲ್ಲೇ ನಿಂತಿರುತ್ತದೆ, ಹಾಗಾಗಿ ಬಾಡ್ ಕ್ಲಾಕಿಗೆ ಒಂದು ಏರು ಅಂಚೂ (0ಯಿಂದ 1ಕ್ಕೆ ಏರುವ ಗಳಿಗೆ) ಬರುವುದಿಲ್ಲ. ಅಂಚಿಲ್ಲದೆ ಸಿಂಕ್ರೊನಸ್ ರಿಸೆಟ್ ಕೆಲಸ ಮಾಡುವುದಿಲ್ಲ. ಅಂಚು ಬರುವ ಹೊತ್ತಿಗೆ ರಿಸೆಟ್ ಮುಗಿದಿರುತ್ತದೆ, ಎಕ್ಸ್ ಅಲ್ಲೇ ಸುತ್ತುತ್ತದೆ. ಬೋರ್ಡಿನಲ್ಲಿ ಕಾಪಾಡಿದ್ದು ಇನಿಶಿಯಲ್ ಬ್ಲಾಕ್: ಎಫ್‌ಪಿಜಿಎ ಕಾನ್ಫಿಗರ್ ಆಗುವಾಗಲೇ ಆ ಬೆಲೆಗಳು ಫ್ಲಾಪ್‌ಗಳಿಗೆ (ಒಂದೊಂದು ಬಿಟ್ ನೆನಪಿಡುವ ಸರ್ಕ್ಯೂಟುಗಳು) ತುಂಬಿಕೊಳ್ಳುತ್ತವೆ. ನಿಜವಾದ ಸಿಲಿಕಾನ್‌ನಲ್ಲಿ ಹಾಗೆ ತುಂಬುವವರು ಯಾರೂ ಇಲ್ಲ, ಪವರ್ ಬಂದಾಗ ಫ್ಲಾಪ್ 0 ಆಗಿ ಏಳುತ್ತದೋ 1 ಆಗಿ ಏಳುತ್ತದೋ ಹೇಳಲಾಗದು.

ಬಾಡ್ ಕ್ಲಾಕ್ ತೆಗೆದುಹಾಕಿ. ಎಲ್ಲ ಫ್ಲಾಪ್‌ಗಳೂ 50 ಮೆಗಾಹರ್ಟ್ಸ್‌ನಲ್ಲೇ ಓಡಲಿ. 434 ಎಣಿಕೆಗೊಮ್ಮೆ ಒಂದೇ ಕ್ಲಾಕ್ ಅಗಲದ ಟಿಕ್ ಕೊಟ್ಟು ಅದನ್ನು ಎನೇಬಲ್ ಆಗಿ (ಫ್ಲಾಪ್ ಬದಲಾಗಲು ಅನುಮತಿಯಾಗಿ) ಬಳಸಿ. ಇನಿಶಿಯಲ್ ಬ್ಲಾಕನ್ನೂ ಅಳಿಸಿ, ಆಗ ಮೊದಲ ಸಿಮ್ಯುಲೇಶನ್ನೇ ನಿಜ ಹೇಳುತ್ತದೆ.

ಗೇಟುಗಾರ:
ಇಷ್ಟೆಲ್ಲ ಏಕೆ? ಅಸಿಂಕ್ರೊನಸ್ ರಿಸೆಟ್ ಹಾಕಿದರೆ ಡಿಎಫ್ಆರ್‌ಟಿಪಿ (ರಿಸೆಟ್ ಪಿನ್ ಇರುವ ಫ್ಲಾಪ್) ಸೆಲ್ ಬರುತ್ತದೆ, ಕ್ಲಾಕಿನ ಹಂಗೇ ಇಲ್ಲ.

ಮಲ್ಲೇಶ್ವರದ_ಸಿಲಿಕಾನ್:
ಕೆಂಪು ಹೋಗುತ್ತದೆ, ನಿಜ. ಎರಡನೆಯ ಕ್ಲಾಕ್ ಉಳಿಯುತ್ತದೆ. ಅದನ್ನು ಎಸ್‌ಡಿಸಿಯಲ್ಲಿ (ಸಮಯದ ನಿಬಂಧನೆಗಳ ಕಡತ) ಹೇಳಬೇಕು, ಅದಕ್ಕೂ ಕ್ಲಾಕ್ ಟ್ರೀ (ಕ್ಲಾಕನ್ನು ಫ್ಲಾಪ್‌ಗಳಿಗೆ ಹಂಚುವ ಜಾಲ) ಕಟ್ಟಬೇಕು, ರಿಸೆಟ್ ಬಿಡುವ ಗಳಿಗೆಯನ್ನೂ ಕ್ಲಾಕಿಗೆ ಹೊಂದಿಸಬೇಕು. ಕಲಿಯುವವರಿಗೆ ಆ ಹೊರೆ ಏಕೆ?

ವಿಜಯನಗರ_ವೆರಿಲಾಗ್:
ಟಿಕ್‌ಗೆ ಬದಲಾಯಿಸಿದೆ. ಟಿಎಕ್ಸ್ ಈಗ 1ರಲ್ಲಿ ನಿಂತಿರುತ್ತದೆ, ಸ್ಟಾರ್ಟ್ ಬಿಟ್‌ಗೆ ಸರಿಯಾಗಿ 0ಗೆ ಇಳಿಯುತ್ತದೆ! ಆದರೆ ನಂತರದ ಎಂಟು ಬಿಟ್‌ಗಳೂ ಕೆಂಪು, ಸ್ಟಾಪ್ ಬಿಟ್ ಮತ್ತೆ ಹಸಿರು. ಸಂದೇಶವನ್ನು ಕಡತದಿಂದ ಓದುವ ರೀಡ್‌ಮೆಮ್‌ಎಚ್‌ನಿಂದ ಮೆಮರಿಗೆ ತುಂಬುತ್ತಿದ್ದೇನೆ.

ಮಲ್ಲೇಶ್ವರದ_ಸಿಲಿಕಾನ್:
ಆ ಮೆಮರಿಗೆ ಕೋಡಿನಲ್ಲಿ ಬೇರೆಲ್ಲಾದರೂ ಬರೆಯುತ್ತೀರಾ? ಬರೆಯುವುದಾದರೆ ಅದು ಫ್ಲಾಪ್‌ಗಳ ಸಾಲಾಗುತ್ತದೆ, ಕಡತದ ಬೆಲೆ ಚಿಪ್ಪಿಗೆ ಬರುವುದಿಲ್ಲ. ಸಂದೇಶ ಬದಲಾಗಬೇಕಿಲ್ಲದಿದ್ದರೆ ಕೇಸ್ ಹೇಳಿಕೆಯಲ್ಲಿ ಬರೆದಿಡಿ, ಬರೀ ಗೇಟುಗಳಾಗುತ್ತದೆ. ಆ ಭಾಗದ ಕೋಡ್ ಪೂರ್ತಿ ಹಾಕಿ, ರಾತ್ರಿ ನೋಡುತ್ತೇನೆ.