ಹಳೇ 26ಟಿ ಗೇರ್ ಸೈಕಲ್ ಮಾರೋದಾ, ಇಟ್ಟುಕೊಳ್ಳೋದಾ? ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಭಾನುವಾರ, ಅಂಗಡಿ ರಜೆ. ನಮ್ಮ ಮೆಕ್ಯಾನಿಕ್ ಅಣ್ಣ ಸಂಜೆವರೆಗೂ ಇರುತ್ತಾರೆ. ಮೈಸೂರಿನಲ್ಲಿ 22 ವರ್ಷದಿಂದ ಗೇರ್ ಸೈಕಲ್ ಬಿಚ್ಚಿ ಜೋಡಿಸುತ್ತಿರುವವರು. ಮನೆಯಲ್ಲಿ ಹಳೇ ಮೌಂಟನ್ ಬೈಕ್ ನಿಂತಿದ್ದರೆ ಅದನ್ನು ಮಾರಬೇಕಾ, ಇಟ್ಟುಕೊಳ್ಳಬೇಕಾ ಅಂತ ಕೇಳಿ. ಚಕ್ರದ ಅಳತೆ (26ಟಿ ಅಂದರೆ 26 ಇಂಚಿನ ಚಕ್ರ), ಬ್ರೇಕ್, ಯಾವ ವರ್ಷದ್ದು, ಇಷ್ಟು ಬರೆಯಿರಿ. ಊರಿನ ಹೆಸರು ಹಾಕಿದರೆ ಸಾಕು, ನಂಬರ್ ಹಾಕಬೇಡಿ.

ಕುವೆಂಪುನಗರ: ಅಣ್ಣ, 2011ರಲ್ಲಿ ತಗೊಂಡ 26ಟಿ. ಅಲಾಯ್ ಫ್ರೇಮ್, ವಿ-ಬ್ರೇಕ್ (ರಿಮ್ ಹಿಡಿಯೋ ರಬ್ಬರ್ ಬ್ರೇಕ್), ಹಿಂದೆ 8 ಗೇರ್. ಮೂರು ವರ್ಷದಿಂದ ಮೆಟ್ಟಿಲ ಕೆಳಗೆ ನಿಂತಿದೆ. ಅಂಗಡಿಯಲ್ಲಿ ಕೇಳಿದರೆ 26 ಓಲ್ಡ್ ಆಯ್ತು, 29 ತಗೊಳ್ಳಿ ಅಂದರು. ನನಗೆ ಬೆಳಿಗ್ಗೆ ಲಿಂಗಾಂಬುಧಿ ಕೆರೆವರೆಗೆ ಹೋಗಿ ಬರೋದಷ್ಟೇ ಕೆಲಸ. ಮಾರಲಾ?

ಮೆಕ್ಯಾನಿಕ್: ಇಟ್ಟುಕೊಳ್ಳಿ ಸರ್. 2012ರ ಸುಮಾರಿನವರೆಗೆ ಮೌಂಟನ್ ಬೈಕ್ ಅಂದರೆ ಹೆಚ್ಚುಕಮ್ಮಿ ಎಲ್ಲಾ 26 ಇಂಚೇ. ಆಮೇಲೆ 27.5, 29 ಬಂದು ಒಳ್ಳೆ ಮಾಡೆಲ್‌ಗಳೆಲ್ಲ ಆ ಕಡೆ ಹೋದವು. ದೊಡ್ಡ ಚಕ್ರ ಕಲ್ಲು, ಬೇರಿನ ಮೇಲೆ ಸಲೀಸಾಗಿ ಹತ್ತುತ್ತದೆ, ಅದು ನಿಜ. ಆದರೆ ನೀವು ಹೋಗೋದು ಡಾಂಬರು ರಸ್ತೆಯಲ್ಲಿ. 26ರ ಟೈರು, ಟ್ಯೂಬು ಈಗಲೂ ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತದೆ. 8 ಗೇರಿನ ಚೈನು, ಕ್ಯಾಸೆಟ್ಟು (ಹಿಂದಿನ ಚಕ್ರದ ಹಲ್ಲುಚಕ್ರಗಳ ಗುಂಪು) ಸಿಗುತ್ತದೆ. ಮಾರಿದರೆ ಕೈಗೆ ಬರೋದು ಹೊಸ ಸೈಕಲ್ಲಿನ ಬೆಲೆಯಲ್ಲಿ ಒಂದು ಚೂರು.

ನಿಂತ ಸೈಕಲ್ ಅಲ್ವಾ, ಟೈರಿನ ಪಕ್ಕ ಸೀಳಿರುತ್ತದೆ, ಬ್ರೇಕ್ ರಬ್ಬರ್ ಕಲ್ಲಾಗಿರುತ್ತದೆ. ಇವೆರಡು ಮತ್ತು ಕೇಬಲ್ ಬದಲಾಯಿಸಿ, ಚಕ್ರದ ನಡುವಿನ ಹಬ್‌ನಲ್ಲಿ ಹೊಸ ಗ್ರೀಸ್ ತುಂಬಿಸಿ. ಗುಬಟಿನ ಟೈರ್ ಬಿಟ್ಟು ನುಣ್ಣನೆಯ 1.5 ಇಂಚಿನದು ಹಾಕಿಸಿ. ಸೈಕಲ್ ಹಗುರಾದ ಹಾಗೆ ಅನ್ನಿಸುತ್ತದೆ.

ಟೈರ್ ತರುವಾಗ ಒಂದು ವಿಷಯ. 26 ಅಂತ ಬರೆದಿದ್ದೆಲ್ಲ ಒಂದೇ ಅಲ್ಲ. ನಿಮಗೆ ಬೇಕಾದ ಟೈರಿನ ಪಕ್ಕದಲ್ಲಿ 559 ಅಂತ ಇರಬೇಕು, ಅದು ಮಿ.ಮೀ.ನಲ್ಲಿ ರಿಮ್ ಅಳತೆ. ಹಳೇ ಕಪ್ಪು ಸೈಕಲ್ಲಿನ 26×1⅜ ಅಂದರೆ 590, ಅದು ನಿಮ್ಮ ರಿಮ್ಮಿನಲ್ಲಿ ಸಡಿಲ. 26×1½ ಅಂದರೆ 584. ಈಗ 27.5 ಅಂತ ಮಾರೋದರ ರಿಮ್ ಅಳತೆಯೂ ಅದೇ 584. ಭಿನ್ನರಾಶಿಯಲ್ಲಿ ಬರೆದಿದ್ದರೆ ತರಬೇಡಿ.

ವಿಜಯನಗರ: ನನ್ನದೂ 26ಟಿ, 2012. ಮಾರಲಾ ಇಟ್ಟುಕೊಳ್ಳಲಾ?

ಮೆಕ್ಯಾನಿಕ್: ಮೇಲಿನ ಉತ್ತರ ಓದಿ. ಫ್ರೇಮ್ ಚೆನ್ನಾಗಿದ್ದರೆ ಇಟ್ಟುಕೊಳ್ಳಿ.

ಹುಣಸೂರು: ಮುಂದಿನ ಶಾಕ್ ಅಂಟಿಕೊಂಡು ನಿಂತಿದೆ ಸರ್. ಸ್ಟಿಕ್ಕರ್ ನೋಡಿದರೆ 2010ರ ಸೈಕಲ್. ಹೊಸ ಶಾಕ್ ಹಾಕಿಸಲಾ, ಸೈಕಲ್ಲೇ ಕೊಟ್ಟುಬಿಡಲಾ?

ಮೆಕ್ಯಾನಿಕ್: ಹೊಸ ಶಾಕ್ ಹಾಕಿಸಬೇಡಿ. ಈಗಿನ ಒಳ್ಳೆ ಫೋರ್ಕ್‌ಗಳಲ್ಲಿ (ಮುಂದಿನ ಚಕ್ರ ಹಿಡಿಯೋ ಕವಲು) ಫ್ರೇಮಿನೊಳಗೆ ಹೋಗುವ ಪೈಪ್ ಕೆಳಗೆ ದಪ್ಪ, 1.5 ಇಂಚು. ನಿಮ್ಮ ಫ್ರೇಮಿನದು ಮೇಲಿಂದ ಕೆಳಗೆ ಒಂದೇ ಸಮ, 1⅛ ಇಂಚು. ಕೂರಲ್ಲ. ಕೂರುವ ಶಾಕ್ ಸಿಕ್ಕಿದರೂ ಸೈಕಲ್ಲಿನ ಬೆಲೆಗಿಂತ ಜಾಸ್ತಿ ಆಗುತ್ತದೆ. ಸ್ಟೀಲಿನ ಗಟ್ಟಿ ಫೋರ್ಕ್, ಅಂದರೆ ಶಾಕ್ ಇಲ್ಲದ್ದು, ಹಾಕಿಸಿ. ಒಂದೂವರೆ ಕೆಜಿಯಷ್ಟು ಭಾರವೂ ಇಳಿಯಬಹುದು. ಉದ್ದ ನೋಡಿ ತಗೊಳ್ಳಿ. ಗಿಡ್ಡ ಆದರೆ ಸೈಕಲ್ ಮುಂದಕ್ಕೆ ಮುಗ್ಗರಿಸಿದ ಹಾಗೆ ಕೂರುತ್ತದೆ.

ಸರಸ್ವತಿಪುರಂ: ವಿ-ಬ್ರೇಕ್ ತೆಗೆದು ಡಿಸ್ಕ್ ಹಾಕಿಸಬಹುದಾ?

ಮೆಕ್ಯಾನಿಕ್: ಫ್ರೇಮಲ್ಲಿ, ಫೋರ್ಕಲ್ಲಿ ಡಿಸ್ಕ್ ಕೂರಿಸುವ ಕಿವಿ ಇದ್ದರೆ, ಹಬ್ ಬದಲಾಯಿಸಿದರೆ ಆಗುತ್ತದೆ. ಇಲ್ಲದಿದ್ದರೆ ಆಗಲ್ಲ. ಒಳ್ಳೆ ರಬ್ಬರ್ ಹಾಕಿದ ವಿ-ಬ್ರೇಕ್ ಸಾಕು.

ವಿಜಯನಗರ: ಆದರೂ 26 ಇಟ್ಟುಕೊಂಡು ಏನು ಮಾಡೋದು ಸ್ವಾಮಿ. ನನ್ನ ಭಾವಮೈದನ 29 ತುಳಿದ ಮೇಲೆ ನಾನು ನನ್ನದನ್ನ ಮುಟ್ಟಿಲ್ಲ. ಹಳೇದು ಹಳೇದೇ.

ಸಿದ್ಧಾರ್ಥನಗರ: ನಾನು ಪ್ರತಿ ಶನಿವಾರ 26ರಲ್ಲೇ ಚಾಮುಂಡಿ ಬೆಟ್ಟ ಹತ್ತುತ್ತೇನೆ. ಚಕ್ರ ಹತ್ತಿಸಲ್ಲ, ಕಾಲು ಹತ್ತಿಸೋದು.

ವಿಜಯನಗರ: ನಾನೇನು ಹತ್ತಲ್ಲ ಅಂದೆನಾ? ಸುಮ್ನೆ ಮಾತು ತಿರುಗಿಸಬೇಡಿ.

ಸಿದ್ಧಾರ್ಥನಗರ: ಮುಟ್ಟಿಲ್ಲ ಅಂತ ನೀವೇ ಬರೆದಿದ್ದೀರಿ.

ಅಡ್ಮಿನ್: ದಯವಿಟ್ಟು ಪ್ರಶ್ನೆ ಮಾತ್ರ.

ಮಂಡ್ಯ: ಇದು ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಬಂತು. ತುಕ್ಕು ಹಿಡಿದ ಚೈನನ್ನ ರಾತ್ರಿಯಿಡೀ ಸೀಮೆಎಣ್ಣೆಯಲ್ಲಿ ನೆನೆಸಿ, ಆಮೇಲೆ ಕೊಬ್ಬರಿ ಎಣ್ಣೆ ಹಚ್ಚಿ. ಡಿಸ್ಕ್ ಬ್ರೇಕ್ ಕಿರುಗುಟ್ಟಿದರೆ ಎರಡು ಹನಿ ಕೊಬ್ಬರಿ ಎಣ್ಣೆ. ಶಾಕ್ ಪೈಪಿನ ಗೀರಿಗೆ ಟೂತ್‌ಪೇಸ್ಟ್. ಹಳೇ ಸೈಕಲ್ ಹೊಸದಾಗುತ್ತದೆ. ನಿಜಾನಾ ಅಣ್ಣ?

ಮೆಕ್ಯಾನಿಕ್: ಇದನ್ನ ಯಾರಿಗೂ ಕಳಿಸಬೇಡಿ. ಕಳಿಸಿದವರಿಗೂ ಹೇಳಿ.

ಡಿಸ್ಕ್ ಮೇಲೆ ಎಣ್ಣೆ ಬಿದ್ದರೆ ಸದ್ದು ನಿಲ್ಲುತ್ತದೆ, ಬ್ರೇಕೂ ನಿಲ್ಲುತ್ತದೆ. ಪ್ಯಾಡ್ ಎಣ್ಣೆ ಕುಡಿದ ಮೇಲೆ ತೊಳೆದರೂ ಬಿಡಲ್ಲ, ಎಸೆಯೋದೇ. ಇದೇ ಫಾರ್ವರ್ಡ್ ನೋಡಿ ಹೋದ ವರ್ಷ ಇಬ್ಬರು ಬಂದಿದ್ದರು. ಒಬ್ಬರು ಬೆಟ್ಟ ಇಳಿಯುವಾಗ ಚರಂಡಿಗೆ ಹಾರಿ ಉಳಿದುಕೊಂಡವರು. ಚೈನ್ ಸೀಮೆಎಣ್ಣೆಯಲ್ಲಿ ತೊಳೆಯಬಹುದು, ಪೂರ್ತಿ ಒಣಗಿಸಿ ಚೈನ್ ಎಣ್ಣೆ ಹಾಕಬೇಕು. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ಧೂಳು ಅಂಟಿಸಿಕೊಳ್ಳುತ್ತದೆ. ಟೂತ್‌ಪೇಸ್ಟ್ ಉಜ್ಜೋ ವಸ್ತು, ಶಾಕಿನ ಸೀಲ್ ತಿಂದುಹಾಕುತ್ತದೆ.

ನಂಜನಗೂಡು: ಅಣ್ಣ, 2013ರ 26ಟಿ, ಅಲಾಯ್ ಫ್ರೇಮ್. ಗುರುವಾರ ಒಬ್ಬ ಕಾಲೇಜು ಹುಡುಗ ತಗೊಂಡು ಹೋಗ್ತಾನೆ. 7,000ಕ್ಕೆ ಮಾತಾಗಿದೆ, 2,000 ಅಡ್ವಾನ್ಸ್ ಕೊಟ್ಟಿದ್ದಾನೆ. ಹಿಂದಿನ ಗೇರ್ 4ರಿಂದ 5ಕ್ಕೆ ಬೀಳ್ತಿಲ್ಲ, ನಾನೇ ಸರಿ ಮಾಡೋದು ಹೇಗೆ? ಬೇರೆಲ್ಲ ಚೆನ್ನಾಗಿದೆ. ಹ್ಯಾಂಡಲ್ ಕೆಳಗೆ ವೆಲ್ಡಿಂಗ್ ಹತ್ತಿರ ಪೇಂಟ್ ಸ್ವಲ್ಪ ಸೀಳಿತ್ತು, ಎಂ-ಸೀಲ್ ಹಚ್ಚಿ ಕಪ್ಪು ಪೇಂಟ್ ಹೊಡೆದೆ. ಗೊತ್ತೇ ಆಗಲ್ಲ.

ಮೆಕ್ಯಾನಿಕ್: ಗೇರ್ ಬಿಡಿ. ಆ ಸೀಳು ಎಲ್ಲಿತ್ತು, ಸರಿಯಾಗಿ ಹೇಳಿ. ಓರೆಯಾಗಿ ಪೆಡಲ್ ಕಡೆ ಇಳಿಯುತ್ತದಲ್ಲ, ಆ ಪೈಪಿನ ತಳಭಾಗದಲ್ಲಾ? ಅಡ್ಡಕ್ಕಿತ್ತಾ, ಉದ್ದಕ್ಕಿತ್ತಾ?

ನಂಜನಗೂಡು: ಅದೇ ಪೈಪ್. ಕೆಳಗಡೆ. ಅಡ್ಡಕ್ಕೆ, ಕೂದಲೆಳೆ ಅಷ್ಟೇ.

ಮೆಕ್ಯಾನಿಕ್: ಸೈಕಲ್ ಹತ್ತಬೇಡಿ. ಯಾರಿಗೂ ಕೊಡಬೇಡಿ. ನಾನು ಹೇಳೋದನ್ನ ಈಗಲೇ ಮಾಡಿ.

ಎಂ-ಸೀಲ್ ಕೆರೆದು ತೆಗೆಯಿರಿ. ಥಿನ್ನರ್ ಹಚ್ಚಿದ ಬಟ್ಟೆಯಲ್ಲಿ ಆ ಜಾಗದ ಬಣ್ಣ ಪೂರ್ತಿ ಒರೆಸಿ, ಬಿಳಿ ಲೋಹ ಕಾಣಬೇಕು. ಬಣ್ಣ ಮಾತ್ರ ಸೀಳಿದ್ದರೆ ಗೆರೆ ಬಣ್ಣದ ಜೊತೆ ಹೋಗುತ್ತದೆ. ಲೋಹ ಸೀಳಿದ್ದರೆ ಗೆರೆ ಅಲ್ಲೇ ಇರುತ್ತದೆ, ಅದರ ಬಾಯಲ್ಲಿ ಬೂದು ಬಣ್ಣದ ಪುಡಿ ಇರಬಹುದು. ಆಮೇಲೆ ಒಂದು ಚೂರು ಹತ್ತಿ ತಗೊಂಡು ವೆಲ್ಡಿಂಗ್ ಪಕ್ಕ ನಿಧಾನಕ್ಕೆ ಎಳೆಯಿರಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ತುಟಿ ಎದ್ದಿದೆ ಅಂತ ಅರ್ಥ. ಕೊನೆಗೆ, ಪಕ್ಕದಲ್ಲಿ ನಿಂತು ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನ ಹಿಂದೆ ಮುಂದೆ ಒತ್ತಿ. ಇನ್ನೊಬ್ಬರು ಟಾರ್ಚ್ ಹಿಡಿದು ಗೆರೆ ಬಾಯಿ ಬಿಡುತ್ತದಾ ನೋಡಲಿ.

ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಎಂಟು ವರ್ಷದ ಹಿಂದೆ ಒಂದು ಹುಡುಗ ಚೈನಿಗೆ ಎಣ್ಣೆ ಹಾಕಿಸಿಕೊಂಡು ಹೋದ. ನಾನು ಚೈನು ಮಾತ್ರ ನೋಡಿದೆ. ತಿಂಗಳೊಳಗೆ ಅವನ ಅಪ್ಪ ಅದೇ ಸೈಕಲ್ಲನ್ನ ಆಟೋದಲ್ಲಿ ತಂದರು, ಎರಡು ತುಂಡು. ಬೆಟ್ಟ ಇಳಿಯುವಾಗ ಓರೆ ಪೈಪ್ ಕಿತ್ತುಬಂದು ಹ್ಯಾಂಡಲ್ ಕೈಯಲ್ಲೇ ಉಳಿದಿತ್ತು. ಕಾಲರ್ ಮೂಳೆ ಮುರಿದು ಮುಂದಿನ ಮೂರು ಹಲ್ಲು ಹೋಗಿತ್ತು. ಮುರಿದ ಜಾಗ ನೋಡಿದೆ. ಅರ್ಧ ಸುತ್ತು ಹಳೇ ಕೊಳೆ ಕೂತು ಕಪ್ಪಾಗಿತ್ತು, ಉಳಿದ ಅರ್ಧ ಮಾತ್ರ ಹೊಸದಾಗಿ ಹೊಳೀತಿತ್ತು. ಅಂದರೆ ನನ್ನ ಅಂಗಡಿಯಲ್ಲಿ ನಿಂತಾಗಲೇ ಅದು ಸೀಳಿತ್ತು. ಅವತ್ತಿಂದ ಬರೀ ಪಂಕ್ಚರಿಗೆ ಬಂದರೂ ಆ ಜಾಯಿಂಟ್ ಒರೆಸಿ ನೋಡದೆ ಕಳಿಸಲ್ಲ.

ಹಳೇ ಸ್ಟೀಲ್ ಫ್ರೇಮ್ ಮುರಿಯೋ ಮೊದಲು ಸಾಮಾನ್ಯವಾಗಿ ಬಗ್ಗುತ್ತದೆ, ಕಿರುಗುಡುತ್ತದೆ, ಸೂಚನೆ ಕೊಡುತ್ತದೆ. ನಿಮ್ಮ ಅಲಾಯ್ ಅಂದರೆ ಅಲ್ಯೂಮಿನಿಯಂ, ಅದು ಹಾಗಲ್ಲ. ಪ್ರತಿ ಗುಂಡಿ, ಪ್ರತಿ ಬ್ರೇಕಿಗೂ ಸೀಳು ಒಂದಿಷ್ಟು ಒಳಗೆ ಹೋಗುತ್ತಾ ಇರುತ್ತದೆ. ಒಂದು ದಿನ ಪಟ್ ಅಂತ ಹೋಗುತ್ತದೆ.

ವಿಜಯನಗರ: 3×7 ಗೇರ್ ಇದ್ದರೆ ಎಷ್ಟು ಬೆಲೆ ಬರಬಹುದು?

ಹೆಬ್ಬಾಳ: ಇಷ್ಟಕ್ಕೆಲ್ಲ ಭಯ ಯಾಕೆ. ನಮ್ಮ ಇಂಡಸ್ಟ್ರಿಯಲ್ ಏರಿಯಾದಲ್ಲಿ ಆರ್ಗಾನ್ ವೆಲ್ಡಿಂಗ್ ಮಾಡ್ತಾರೆ. 500 ರೂಪಾಯಿ ಕೆಲಸ.

ಮೆಕ್ಯಾನಿಕ್: ಬೇಡ ಸರ್. ಸ್ಟೀಲ್ ಆಗಿದ್ದರೆ ನಾನೇ ವೆಲ್ಡಿಂಗಿಗೆ ಕಳಿಸ್ತಿದ್ದೆ. ಈ ಫ್ರೇಮ್‌ಗಳು ಹೆಚ್ಚಾಗಿ 6061 ಅನ್ನೋ ಜಾತಿಯ ಅಲ್ಯೂಮಿನಿಯಂ. ವೆಲ್ಡ್ ಮಾಡಿದಾಗ ಪಕ್ಕದ ಲೋಹ ಮೆತ್ತಗಾಗುತ್ತದೆ. ಅದಕ್ಕೇ ಫ್ಯಾಕ್ಟರಿಯಲ್ಲಿ ವೆಲ್ಡ್ ಆದ ಮೇಲೆ ಇಡೀ ಫ್ರೇಮನ್ನ 500 ಡಿಗ್ರಿ ದಾಟಿಸಿ ಕಾಯಿಸಿ, ಅದ್ದಿ ತಣಿಸಿ, ಮತ್ತೆ ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಆಗಲೇ ಬಲ ವಾಪಸ್ ಬರೋದು. ವೆಲ್ಡಿಂಗ್ ಅಂಗಡಿಯಲ್ಲಿ ಆ ಒಲೆ ಇಲ್ಲ. ಗೆರೆ ಮುಚ್ಚುತ್ತದೆ, ಅದರ ಪಕ್ಕ ಹೊಸದಾಗಿ ಸೀಳುತ್ತದೆ.

ಹೆಬ್ಬಾಳ: ನಾನು 15 ವರ್ಷ ಫ್ಯಾಬ್ರಿಕೇಶನ್ ಮಾಡಿದವನು. ನಮಗೂ ಗೊತ್ತು.

ಮೆಕ್ಯಾನಿಕ್: ಗೇಟು, ಗ್ರಿಲ್ ಮೇಲೆ ಕೂತು ಯಾರೂ ಬೆಟ್ಟ ಇಳಿಯಲ್ಲ.

ಸರಸ್ವತಿಪುರಂ: ಡಿಸ್ಕ್ ಕಿವಿ ಇಲ್ಲ. ಅಡಾಪ್ಟರ್ ಹಾಕಿದರೆ?

ಮೆಕ್ಯಾನಿಕ್: ಬೇಡ.

ನಂಜನಗೂಡು: ಮಾಡಿದೆ ಅಣ್ಣ. ಪೇಂಟ್ ಹೋಯ್ತು, ಗೆರೆ ಹೋಗಲಿಲ್ಲ. ಹತ್ತಿ ಸಿಕ್ಕಿಕೊಂಡಿತು. ಮಗಳು ಟಾರ್ಚ್ ಹಿಡಿದಿದ್ದಳು, ಬ್ರೇಕ್ ಹಿಡಿದು ಒತ್ತಿದಾಗ ಬಾಯಿ ತೆಗೆದು ಮುಚ್ಚಿದ ಹಾಗಾಯ್ತು ಅಂದಳು. ಒಂದೂವರೆ ಇಂಚು ಉದ್ದ ಇದೆ. ಈಗ ಹುಡುಗನಿಗೆ ಏನು ಹೇಳಲಿ?

ವಿಜಯನಗರ: ಇರೋದನ್ನ ಹೇಳಿ 3,000ಕ್ಕೆ ಕೊಡಿ. ಅವನಿಗೆ ಬೇಕಾದರೆ ತಗೊಳ್ಳಲಿ. ಹೇಳಿದ ಮೇಲೆ ನಿಮ್ಮದೇನೂ ತಪ್ಪಿಲ್ಲ. ವ್ಯಾಪಾರ ಅಂದ್ರೆ ಹಾಗೇ.

ಶ್ರೀರಂಗಪಟ್ಟಣ: ಏನು ಮಾತು ಅಂತ ಆಡ್ತೀರಿ? ನನ್ನ ಮಗನೂ ಕಾಲೇಜಿಗೆ ಸೈಕಲ್ಲಲ್ಲೇ ಹೋಗೋದು. 18 ವರ್ಷದ ಹುಡುಗನಿಗೆ 4,000 ಉಳಿಯುತ್ತೆ ಅಂದ್ರೆ ತಗೊಂಡೇ ತಗೊಳ್ತಾನೆ.

ವಿಜಯನಗರ: ಅಕ್ಕ, ನಾನು ಮುಚ್ಚಿಟ್ಟು ಮಾರಿ ಅಂದಿಲ್ಲ. ಓದಿ ಮಾತಾಡಿ.

ಶ್ರೀರಂಗಪಟ್ಟಣ: ಓದಿಯೇ ಮಾತಾಡ್ತಿದ್ದೀನಿ. ಅಕ್ಕ ಅಂದುಬಿಟ್ಟರೆ ಹೇಳಿದ್ದು ಸರಿಯಾಗಲ್ಲ.

ಸಿದ್ಧಾರ್ಥನಗರ: ಇವರು ಬೆಳಿಗ್ಗೆಯಿಂದ ಹೀಗೇ.

ವಿಜಯನಗರ: ನೀವು ಮಧ್ಯ ಬರಬೇಡಿ.

ಮೆಕ್ಯಾನಿಕ್: ಎಲ್ಲರೂ ಸ್ವಲ್ಪ ನಿಲ್ಲಿಸಿ. ಹೇಳಿ ಮಾರಿದರೂ ಅವನು ಇನ್ನೊಬ್ಬನಿಗೆ ಹೇಳದೆ ಮಾರುತ್ತಾನೆ. ಮೂರನೆಯವನಿಗೆ ಈ ಗೆರೆ ಗೊತ್ತೇ ಇರಲ್ಲ, ಅದರ ಮೇಲೆ ಮತ್ತೆ ಎಂ-ಸೀಲ್ ಕೂತಿರುತ್ತದೆ. ನಂಜನಗೂಡಿನವರೇ, ಅಡ್ವಾನ್ಸ್ ಇವತ್ತೇ ವಾಪಸ್ ಕೊಡಿ, ಕಾರಣ ಹೇಳಿ ಕೊಡಿ. ಫ್ರೇಮನ್ನ ಹಾಗೇ ಗುಜರಿಗೂ ಹಾಕಬೇಡಿ. ಗುಜರಿಯಿಂದ ಎದ್ದು ಬಂದ ಫ್ರೇಮ್‌ಗಳು ನನ್ನ ಅಂಗಡಿಗೇ ಬಣ್ಣ ಹೊಡೆಸಿಕೊಂಡು ಬಂದಿವೆ. ಆಕ್ಸಾ ಬ್ಲೇಡಿನಲ್ಲಿ ಓರೆ ಪೈಪನ್ನ ಕೊಯ್ದು ಎರಡು ಮಾಡಿ, ಆಮೇಲೆ ಹಾಕಿ. ಚಕ್ರ, ಬ್ರೇಕ್, ಗೇರ್, ಸೀಟು ಬಿಚ್ಚಿಟ್ಟುಕೊಳ್ಳಿ. ಅವಕ್ಕೆ ಬೆಲೆ ಇದೆ.

ಮಂಡ್ಯ: ಹೈಡ್ರಾಲಿಕ್ ಬ್ರೇಕಿಗೆ ಕಾರಿನ ಬ್ರೇಕ್ ಆಯಿಲ್ ಹಾಕಬಹುದು ಅಂತ ಇನ್ನೊಂದು ಬಂತು.

ಮೆಕ್ಯಾನಿಕ್: ಶಿಮಾನೊ ಆದರೆ ಮಿನರಲ್ ಆಯಿಲ್ ಮಾತ್ರ. ಕಾರಿನದು ಹಾಕಿದರೆ ಸೀಲ್ ಹಾಳು. ಫಾರ್ವರ್ಡ್ ನಿಲ್ಲಿಸಿ ಅಂದೆನಲ್ಲ.

ರಾಮಕೃಷ್ಣನಗರ: 26ಟಿ, 2014. ಮಾರಲಾ?

ರಾಮಕೃಷ್ಣನಗರ: ಅಣ್ಣ, ಯಾರಾದರೂ ಹೇಳಿ.

ಕುವೆಂಪುನಗರ: ಚೈನ್ ಸವೆದಿದೆಯಾ ಅಂತ ಮನೆಯಲ್ಲೇ ನೋಡೋದು ಹೇಗೆ?

ಮೆಕ್ಯಾನಿಕ್: ಸ್ಕೇಲ್ ಹಿಡಿಯಿರಿ. ಒಂದು ಪಿನ್ನಿನ ನಡುವಿನಿಂದ, ಅದನ್ನ ಬಿಟ್ಟು ಮುಂದಿನ 24ನೇ ಪಿನ್ನಿನ ನಡುವಿಗೆ ಸರಿಯಾಗಿ 12 ಇಂಚು ಬರಬೇಕು. 12⅛ಕ್ಕೆ ಹೋಗಿದ್ದರೆ ಚೈನ್ ಮುಗಿದಿದೆ, ಕ್ಯಾಸೆಟ್ಟೂ ಸವೆದಿರುತ್ತದೆ. ಅದಕ್ಕಿಂತ ಮೊದಲೇ ಬದಲಾಯಿಸಿದರೆ ಕ್ಯಾಸೆಟ್ ಉಳಿಯುತ್ತದೆ.

ಅಡ್ಮಿನ್: ವಿಜಯನಗರ, ಸಿದ್ಧಾರ್ಥನಗರ ಇಬ್ಬರೂ ಅಳಿಸಿದ ಮೆಸೇಜ್‌ಗಳನ್ನ ಮತ್ತೆ ಹಾಕಬೇಡಿ. ಇನ್ನೊಂದು ಸಲ ಆದರೆ ಗ್ರೂಪಿಂದ ತೆಗೆಯಬೇಕಾಗುತ್ತದೆ.

ನಂಜನಗೂಡು: ಅಣ್ಣ, ಹುಡುಗನಿಗೆ ಫೋನ್ ಮಾಡಿ 2,000 ವಾಪಸ್ ಹಾಕಿದೆ. ಮೊದಲು ಬೇರೆ ಕಡೆ ಜಾಸ್ತಿಗೆ ಮಾರ್ತಿದ್ದೀರಾ ಅಂತ ಜಗಳ ಮಾಡಿದ. ಗೆರೆಯ ಫೋಟೊ ಕಳಿಸಿದ ಮೇಲೆ ಸುಮ್ಮನಾದ. ಸಂಜೆ ಪೈಪ್ ಕೊಯ್ದೆ. ಹೊರಗೆ ಒಂದೂವರೆ ಇಂಚು ಕಾಣ್ತಿತ್ತು, ಒಳಗಡೆ ಬೆರಳು ಹಾಕಿದರೆ ಗೆರೆ ಇನ್ನೂ ಮುಂದಕ್ಕೆ ಹೋಗಿದೆ, ವೆಲ್ಡಿಂಗ್ ಉದ್ದಕ್ಕೂ ಹತ್ತಿರ ಹತ್ತಿರ ಅರ್ಧ ಸುತ್ತು. ಈ ಸೈಕಲ್ಲಲ್ಲಿ ಹೋದ ತಿಂಗಳು ಮಗಳನ್ನ ಹಿಂದೆ ಕೂರಿಸಿಕೊಂಡು ಕಪಿಲಾ ಸೇತುವೆವರೆಗೆ ಹೋಗಿ ಬಂದಿದ್ದೆ.

ಮೆಕ್ಯಾನಿಕ್: ಫೋಟೊ ನೋಡಿದೆ. ಒಳ್ಳೆ ಕೆಲಸ ಮಾಡಿದಿರಿ ಸರ್. ಆ ಹುಡುಗನನ್ನ ನನ್ನ ಅಂಗಡಿಗೆ ಕಳಿಸಿ. 26ರದ್ದೇ ಒಂದು ಸ್ಟೀಲ್ ಫ್ರೇಮ್ ಇದೆ, ನಾನೇ ನೋಡಿ ಇಟ್ಟಿದ್ದು. ನಿಮ್ಮ ಚಕ್ರ, ಗೇರ್ ಅದಕ್ಕೆ ಕೂರುತ್ತದಾ ನೋಡೋಣ. ಹಿಂದಿನ ಹಬ್ 135 ಮಿ.ಮೀ. ಇದ್ದರೆ ಕೂರುತ್ತದೆ.

ನಂಜನಗೂಡು: ಅಳೆದು ಹೇಳ್ತೀನಿ.

ಸರಸ್ವತಿಪುರಂ: ನಿಮ್ಮದರಲ್ಲಿ ಡಿಸ್ಕ್ ಬ್ರೇಕ್ ಇದ್ದರೆ ನನಗೆ ಕೊಡ್ತೀರಾ?

ನಂಜನಗೂಡು: 135 ಸರಿಯಾಗಿದೆ ಅಣ್ಣ.