ವಿಜಿಟಿ ತೆಗೆದು ಫಿಕ್ಸೆಡ್ ಟರ್ಬೊ ಹಾಕಿದರೆ ಏನೇನು ಬದಲಾಗುತ್ತೆ?

ಪ್ರಶ್ನೆ:
6.7 ಲೀಟರ್ ಕಮಿನ್ಸ್ ಪಿಕಪ್, ಟ್ರೇಲರ್ ಎಳೆಯೋದೇ ಹೆಚ್ಚು. ಟರ್ಬೊ ಹೋಲ್ಸೆಟ್ ಎಚ್‌ಇ351ವಿಇ, ಅಂದರೆ ವಿಜಿಟಿ (ಎಕ್ಸಾಸ್ಟ್ ದಾರಿಯನ್ನ ಹಿಗ್ಗಿಸಿ ಕುಗ್ಗಿಸೋ ಟರ್ಬೊ). ಬೂಸ್ಟ್ (ಟರ್ಬೊ ತುಂಬೋ ಗಾಳಿಯ ಒತ್ತಡ) ಒಮ್ಮೆ ಬರುತ್ತೆ, ಒಮ್ಮೆ ಇಲ್ಲ. ಎಕ್ಸಾಸ್ಟ್ ಬ್ರೇಕ್ (ಹೊಗೆ ತಡೆದು ಗಾಡಿ ನಿಧಾನ ಮಾಡೋದು) ಹಿಡಿಯಲ್ಲ. ಸ್ಕ್ಯಾನರ್‌ನಲ್ಲಿ ಆಕ್ಚುಯೇಟರ್ (ವಿಜಿಟಿಯನ್ನ ಆಡಿಸೋ ಮೋಟರ್) ಕೋಡ್. ಮತ್ತೆ ವಿಜಿಟಿಗೇ ದುಡ್ಡು ಹಾಕೋ ಬದಲು ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನ ಪಕ್ಕಕ್ಕೆ ಬಿಡೋ ಕವಾಟ) ಇರೋ ಫಿಕ್ಸೆಡ್ ಟರ್ಬೊ ಕೂರಿಸಬಹುದಾ? ಇಜಿಆರ್ (ಸ್ವಲ್ಪ ಹೊಗೆಯನ್ನ ಮತ್ತೆ ಎಂಜಿನ್‌ಗೆ ಕಳಿಸೋದು), ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಎರಡೂ ಇವೆ, ತೆಗೆಯಲ್ಲ.

ಉತ್ತರ 1:
ಅವೆರಡೂ ಇರೋವಾಗ ಬೇಡ ಸರ್. ಈ ಎಂಜಿನ್‌ನಲ್ಲಿ ವಿಜಿಟಿ ಬರೀ ಗಾಳಿ ತುಂಬಲ್ಲ. ಹೊಗೆಯ ದಾರಿ ಕುಗ್ಗಿಸೋ ನಾಜಲ್ ರಿಂಗ್ ಮುಚ್ಚಿಕೊಂಡಾಗ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲಿ ಒತ್ತಡ ಏರುತ್ತೆ. ಅದು ಇನ್‌ಟೇಕ್ ಒತ್ತಡವನ್ನ ಮೀರಿದರೆ ಮಾತ್ರ ಇಜಿಆರ್‌ನಲ್ಲಿ ಹೊಗೆ ಹರಿಯೋದು. ಡಿಪಿಎಫ್‌ನ ಮಸಿ ಸುಡೋದಕ್ಕೆ ಶಾಖ ಏರಿಸೋದರಲ್ಲೂ ಆ ರಿಂಗ್‌ನ ಪಾಲಿದೆ. ಎಕ್ಸಾಸ್ಟ್ ಬ್ರೇಕ್ ಅಂತ ಬೇರೆ ಭಾಗವೇ ಇಲ್ಲ, ರಿಂಗೇ ಬ್ರೇಕ್. ಟ್ರೇಲರ್ ಹಿಂದೆ ಕಟ್ಟಿಕೊಂಡು ಇಳಿಜಾರಿನಲ್ಲಿ ಅದಿಲ್ಲದಿದ್ದರೆ ಚಕ್ರದ ಬ್ರೇಕ್ ಕಾದು ಹೋಗುತ್ತೆ. ಜೊತೆಗೆ ಆಕ್ಚುಯೇಟರ್ ಉತ್ತರ ಕೊಡದಿದ್ದರೆ ಇಸಿಎಮ್ (ಎಂಜಿನ್ ಕಂಪ್ಯೂಟರ್) ಪವರ್ ಇಳಿಸುತ್ತೆ.

ಉತ್ತರ 2:
ಮೊದಲು ಟರ್ಬೊ ನಿಜವಾಗಿ ಸತ್ತಿದೆಯಾ ನೋಡಿ. ಎಂಜಿನ್ ತಣ್ಣಗಾದ ಮೇಲೆ ಕೂಲಂಟ್ ಇಳಿಸಿ (ಆಕ್ಚುಯೇಟರ್ ಕೂಲಂಟ್‌ನಿಂದಲೇ ತಂಪಾಗೋದು), ಆಕ್ಚುಯೇಟರ್ ಬಿಚ್ಚಿ, ಒಳಗಿನ ಗೇರನ್ನ ಕೈಯಲ್ಲಿ ಆಡಿಸಿ. ಈ ತುದಿಯಿಂದ ಆ ತುದಿಗೆ ಎಲ್ಲೂ ಸಿಗದೆ ಓಡಿದರೆ ಆಕ್ಚುಯೇಟರ್ ಮೇಲೆ ಅನುಮಾನ. ಬಿಗಿಯಾಗಿದ್ದರೆ ರಿಂಗ್ ಮಸಿ ಕಚ್ಚಿದೆ: ಟರ್ಬೈನ್ ಹೌಸಿಂಗ್ ಬಿಚ್ಚಿ ಶುಚಿ ಮಾಡಬಹುದು. ಶಾಫ್ಟ್ ಅಡ್ಡಕ್ಕೆ ತುಸು ಅಲುಗಿದರೆ ಭಯ ಬೇಡ. ಉದ್ದಕ್ಕೆ ಹಿಂದೆಮುಂದೆ ಆಡಿದರೆ, ಟರ್ಬೊ ಒಳಗಿನ ಚಕ್ರ ಹೌಸಿಂಗ್‌ಗೆ ತಾಗಿದ ಗುರುತಿದ್ದರೆ ಟರ್ಬೊ ಮುಗೀತು. ಹೊಸ ಆಕ್ಚುಯೇಟರನ್ನ ಸುಮ್ಮನೆ ಬಿಗಿದು ಸ್ಟಾರ್ಟ್ ಮಾಡಬೇಡಿ. ಸ್ಕ್ಯಾನರ್‌ನಿಂದ ಕ್ಯಾಲಿಬ್ರೇಟ್ ಮಾಡದಿದ್ದರೆ ಗೇರ್ ಸ್ಥಾನ ತಪ್ಪಿ ಅದೇ ಕೋಡ್ ಮತ್ತೆ ಬರುತ್ತೆ.

ಉತ್ತರ 3:
ಇಜಿಆರ್, ಡಿಪಿಎಫ್ ಇಲ್ಲದ, ರಸ್ತೆಗಿಳಿಯದ ಸ್ಪರ್ಧೆ ಗಾಡಿಗಾದರೆ ಪಟ್ಟಿ ಇಷ್ಟು: ಟಿ4 ಫ್ಲಾಂಜ್ ಮ್ಯಾನಿಫೋಲ್ಡ್, ಎಸ್300 ಮಾದರಿಯ 62-63 ಮಿ.ಮೀ. ಕಂಪ್ರೆಸರ್ ಇರೋ ಟರ್ಬೊ, ಹೊಸ ಡೌನ್‌ಪೈಪ್, ಆಯಿಲ್ ಫೀಡ್ ಮತ್ತು ಡ್ರೈನ್ ಲೈನ್, ಆಕ್ಚುಯೇಟರ್ ಕೂಲಂಟ್ ದಾರಿಗೆ ಪ್ಲಗ್, ವಿಜಿಟಿ ಇಲ್ಲದ ಇಸಿಎಮ್ ಟ್ಯೂನ್. ಬ್ರೇಕ್ ಬೇಕಂದ್ರೆ ಟರ್ಬೊ ನಂತರ ಬಟರ್‌ಫ್ಲೈ ವಾಲ್ವ್. ವೇಸ್ಟ್‌ಗೇಟ್ ಇಲ್ಲದ್ದು ಬೇಡ. ಟರ್ಬೈನ್ ಹೌಸಿಂಗ್ ಎ/ಆರ್ (ಹೊಗೆ ದಾರಿಯ ಗಾತ್ರದ ಅಳತೆ) 0.91 ಸುತ್ತಮುತ್ತ ಇರಲಿ. ದೊಡ್ಡದಾದರೆ ಕಡಿಮೆ ಆರ್‌ಪಿಎಂನಲ್ಲಿ ಬರೀ ಕಪ್ಪು ಹೊಗೆ.

ಹೆಚ್ಚು ಕೆಡೋದು ಡ್ರೈನ್‌ನಲ್ಲಿ. ಅದು ಬಾಗದೆ ಕೆಳಗಿಳಿದು ಸಂಪ್‌ನ (ಎಂಜಿನ್ ತಳದ ಆಯಿಲ್ ತೊಟ್ಟಿಯ) ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು, ಇಲ್ಲದಿದ್ದರೆ ಒಳ್ಳೆ ಸೀಲ್ ಕೂಡ ಆಯಿಲ್ ಉಗುಳುತ್ತೆ. ಫೀಡ್ ರಂಧ್ರಕ್ಕೆ ಹೊಸ ಆಯಿಲ್ ಹಾಕಿ, ಫ್ಯೂಯಲ್ ಬಿಡದೆ ಕ್ರ್ಯಾಂಕ್ ಮಾಡಿ ಪ್ರೆಶರ್ ಬಂದ ಮೇಲೆ ಸ್ಟಾರ್ಟ್.

ಪ್ರಶ್ನೆ ಕೇಳಿದವರು:
ಅರ್ಥವಾಯ್ತು. ಹಾಗಾದರೆ ಗೇರ್ ಆಡಿಸಿ ನೋಡ್ತೀನಿ. ಶುಚಿ ಮಾಡಿದ ಮೇಲೆ ಮತ್ತೆ ಮಸಿ ಕಚ್ಚದ ಹಾಗೆ ಮಾಡೋದು ಹೇಗೆ?

ಉತ್ತರ 2:
ಎಕ್ಸಾಸ್ಟ್ ಬ್ರೇಕ್ ಸದಾ ಆನ್ ಇಡಿ, ರಿಂಗ್ ತುದಿಯಿಂದ ತುದಿಗೆ ಆಡುತ್ತಿರುತ್ತೆ. ಗಂಟೆಗಟ್ಟಲೆ ಐಡಲ್ ಬಿಡಬೇಡಿ. ಬೂಸ್ಟ್ ಪೈಪ್‌ನ ಕ್ಲಾಂಪ್‌ಗಳನ್ನೂ ಈಗಲೇ ನೋಡಿಬಿಡಿ. ಅಲ್ಲಿ ಗಾಳಿ ಸೋರಿದರೆ ಮಸಿ ಇನ್ನೂ ಬೇಗ ಕಟ್ಟುತ್ತೆ.